ಪರವಾನಗಿ ಇಲ್ಲದ ಹೆಚ್ಚುವರಿ ಕಟ್ಟಡವುಳ್ಳ ಮನೆಯ ಖರೀದಿ: ನಾಗರಿಕರು ಅರಿತಿರಬೇಕಾದ ಅಂಶಗಳು

ಹಿನ್ನೆಲೆ

ನಗರ ಪ್ರದೇಶಗಳಲ್ಲಿ ಹಳೆಯ ಮನೆಯನ್ನು ಖರೀದಿಸುವವರು ಸಾಮಾನ್ಯವಾಗಿ ಮೂಲ ಕ್ರಯಪತ್ರ, ಖಾತೆ, ತೆರಿಗೆ ರಸೀದಿ ಹಾಗೂ ಋಣಭಾರ ಪ್ರಮಾಣ ಪತ್ರಗಳನ್ನು ಪರಿಶೀಲಿಸುತ್ತಾರೆ. ಇವೆಲ್ಲವೂ ಕ್ರಮಬದ್ಧವಾಗಿದ್ದರೂ, ನಂತರದ ದಿನಗಳಲ್ಲಿ ಕಟ್ಟಿದ ಮೇಲ್ಮಹಡಿಗೆ ಅಥವಾ ಹಿತ್ತಲಿನ ಕೊಠಡಿಗೆ ಪರವಾನಗಿ ಇದೆಯೇ ಎಂಬುದು ಅವುಗಳಿಂದ ತಿಳಿದುಬರುವುದಿಲ್ಲ. ಇತ್ತೀಚಿನ ನ್ಯಾಯಾಲಯದ ಆದೇಶಗಳ ಹಿನ್ನೆಲೆಯಲ್ಲಿ ಈ ಕೊರತೆಯು ಖರೀದಿದಾರರಿಗೆ ಮೊದಲಿಗಿಂತ ಹೆಚ್ಚಿನ ಹೊರೆಯಾಗಿ ಪರಿಣಮಿಸಿದೆ.

ದಾಖಲೆಗಳ ವ್ಯಾಪ್ತಿ

ನೋಂದಣಿಯು ಹಸ್ತಾಂತರವನ್ನು ದಾಖಲಿಸುತ್ತದೆಯೇ ಹೊರತು ಕಟ್ಟಡವು ಮಂಜೂರಾದ ನಕ್ಷೆಯಂತೆ ಇದೆ ಎಂದು ದೃಢೀಕರಿಸುವುದಿಲ್ಲ. ಖಾತೆಯು ತೆರಿಗೆ ನಿರ್ಧಾರಣೆಗೆ ಸಂಬಂಧಿಸಿದ ದಾಖಲೆಯಾಗಿದೆ. ಅನಧಿಕೃತ ಕಟ್ಟಡಗಳಿಂದಲೂ ತೆರಿಗೆ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದ್ದು, ತೆರಿಗೆ ಪಾವತಿಸಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ಕಟ್ಟಡದ ಸಕ್ರಮತೆಗೆ ಮುಖ್ಯ ಆಧಾರಗಳೆಂದರೆ ಮಂಜೂರಾದ ನಕ್ಷೆ, ಕಟ್ಟಡ ಪರವಾನಗಿ ಹಾಗೂ ಸ್ವಾಧೀನಾನುಭವ ಪ್ರಮಾಣ ಪತ್ರ.

ಸರ್ವೋಚ್ಚ ನ್ಯಾಯಾಲಯದ ನಿರ್ದೇಶನಗಳು

ಉತ್ತರ ಪ್ರದೇಶದ ಮೀರತ್ ನಗರದ ಪ್ರಕರಣವೊಂದರಲ್ಲಿ 2024ರ ಡಿಸೆಂಬರ್ 17ರಂದು ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು. ಹಲವು ವರ್ಷ ಕಳೆದಿವೆ ಅಥವಾ ಹೆಚ್ಚಿನ ಹಣ ಹೂಡಲಾಗಿದೆ ಎಂಬ ಕಾರಣಕ್ಕೆ ಅನಧಿಕೃತ ನಿರ್ಮಾಣವನ್ನು ಸಮರ್ಥಿಸಲಾಗದು ಎಂದು ಸ್ಪಷ್ಟಪಡಿಸಿತು. ಸ್ವಾಧೀನಾನುಭವ ಪ್ರಮಾಣ ಪತ್ರವನ್ನು ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ನೀಡಬೇಕು. ಬ್ಯಾಂಕುಗಳು ಸದರಿ ಪ್ರಮಾಣ ಪತ್ರವನ್ನು ಪರಿಶೀಲಿಸಿದ ಬಳಿಕವೇ ಕಟ್ಟಡದ ಆಧಾರದ ಮೇಲೆ ಸಾಲ ಮಂಜೂರು ಮಾಡಬೇಕು ಎಂದು ಸೂಚಿಸಿತು.

ಕರ್ನಾಟಕದಲ್ಲಿ ವಿದ್ಯುತ್ ಸಂಪರ್ಕದ ಅರ್ಜಿಗಳ ಮೇಲೆ 2025ರಲ್ಲಿ ಇದರ ನೇರ ಪರಿಣಾಮ ಕಂಡುಬಂದಿತು. ತರುವಾಯ ಬೆಂಗಳೂರಿನಲ್ಲಿ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ವಾಸದ ಮನೆಗಳಿಗೆ ಸ್ವಾಧೀನಾನುಭವ ಪ್ರಮಾಣ ಪತ್ರದಿಂದ ವಿನಾಯಿತಿ ನೀಡಲಾಯಿತು. ಆದರೆ ಪ್ರಮಾಣ ಪತ್ರದಿಂದ ವಿನಾಯಿತಿ ದೊರೆಯುವುದು ಬೇರೆ, ನಕ್ಷೆ ಮೀರಿ ಕಟ್ಟಿದ ಭಾಗ ಸಕ್ರಮವಾಗುವುದು ಬೇರೆ ಎಂಬುದನ್ನು ಗಮನಿಸಬೇಕು.

"ಮುಂದೆ ಸಕ್ರಮವಾಗುತ್ತದೆ" ಎಂಬ ಭರವಸೆ

ಮಾರಾಟಗಾರರು ಹಲವು ವೇಳೆ ಅಕ್ರಮ-ಸಕ್ರಮ ಯೋಜನೆಯನ್ನು ಮುಂದಿಟ್ಟು ಭರವಸೆ ನೀಡುತ್ತಾರೆ. ಸದರಿ ಯೋಜನೆಯು ವಾಸದ ಕಟ್ಟಡಗಳಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಯನ್ನು ದಂಡ ಶುಲ್ಕ ಪಡೆದು ಸಕ್ರಮಗೊಳಿಸುವ ಉದ್ದೇಶ ಹೊಂದಿತ್ತು. ಆದರೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ತಡೆ ನೀಡಿತು. ಅಲ್ಲದೆ 2013ರ ಅಕ್ಟೋಬರ್ 19ರ ನಂತರದ ನಿರ್ಮಾಣಗಳು ಮೊದಲಿನಿಂದಲೂ ಅದರ ವ್ಯಾಪ್ತಿಯಿಂದ ಹೊರಗಿದ್ದವು. ಆದುದರಿಂದ ಇಂತಹ ಭರವಸೆಯನ್ನು ನಂಬಿ ಪೂರ್ಣ ಬೆಲೆ ತೆರುವುದು ಸೂಕ್ತವಲ್ಲ.

ಹೊಣೆಗಾರಿಕೆ

ಉಲ್ಲಂಘನೆಯು ಕಟ್ಟಡಕ್ಕೆ ಅಂಟಿಕೊಂಡಿರುತ್ತದೆ. ಮಾರಾಟದಿಂದ ಅದು ಅಳಿಯುವುದಿಲ್ಲ. ಮನೆ ಕೈಬದಲಾದ ನಂತರ ಸ್ಥಳೀಯ ಸಂಸ್ಥೆಯು ತೆರವು ಕ್ರಮ ಕೈಗೊಂಡಲ್ಲಿ ನಷ್ಟ ಅನುಭವಿಸುವವರು ಹೊಸ ಮಾಲೀಕರೇ ಆಗಿರುತ್ತಾರೆ. ಸ್ವತ್ತು ಹಸ್ತಾಂತರ ಅಧಿನಿಯಮ, 1882ರ 55ನೇ ಪ್ರಕರಣದ ಪ್ರಕಾರ ಮಾರಾಟಗಾರರು ಸ್ವತ್ತಿನಲ್ಲಿರುವ ಮುಖ್ಯ ದೋಷಗಳನ್ನು ತಿಳಿಸಬೇಕು. ಆದರೆ ಖರೀದಿದಾರರು ಸಾಮಾನ್ಯ ಎಚ್ಚರಿಕೆಯಿಂದ ತಾವೇ ಕಂಡುಕೊಳ್ಳಬಹುದಾದ ದೋಷಗಳಿಗೆ ಈ ರಕ್ಷಣೆ ಇಲ್ಲ. ಕಣ್ಣಿಗೆ ಕಾಣುವ ಮಹಡಿಯ ಬಗ್ಗೆ ನಕ್ಷೆಯನ್ನೇ ಕೇಳದ ಖರೀದಿದಾರರಿಗೆ ಪರಿಹಾರ ಪಡೆಯುವುದು ಸುಲಭವಲ್ಲ.

ಮುಂಗಡ ನೀಡುವ ಮುನ್ನ ಅನುಸರಿಸಬೇಕಾದ ಕ್ರಮಗಳು

1. ಮಂಜೂರಾದ ನಕ್ಷೆಯ ಪ್ರತಿ ಪಡೆದು, ಮಹಡಿಗಳ ಸಂಖ್ಯೆ ಹಾಗೂ ಸುತ್ತಲಿನ ತೆರವು ಜಾಗವನ್ನು ಸ್ಥಳದಲ್ಲಿ ಅಳತೆ ಮಾಡಿಸಿ ಹೋಲಿಸುವುದು.

2. ಮಾರಾಟಗಾರರ ಬಳಿ ನಕ್ಷೆ ಇಲ್ಲದಿದ್ದಲ್ಲಿ ಸ್ಥಳೀಯ ಸಂಸ್ಥೆಗೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಅರ್ಜಿ ಸಲ್ಲಿಸುವುದು. ಕಟ್ಟಡದ ಮೇಲೆ ನೋಟಿಸ್ ಜಾರಿಯಾಗಿದೆಯೇ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಬಹುದು.

3. ಹೆಚ್ಚುವರಿ ಭಾರವನ್ನು ತಳಪಾಯವು ತಾಳಬಲ್ಲದೇ ಎಂಬ ಬಗ್ಗೆ ಅರ್ಹ ಇಂಜಿನಿಯರಿಂದ ವರದಿ ಪಡೆಯುವುದು.

4. ಸಾಲದ ಅಗತ್ಯವಿದ್ದಲ್ಲಿ ಬ್ಯಾಂಕಿನ ಅಭಿಪ್ರಾಯವನ್ನು ಮುಂಚಿತವಾಗಿ ತಿಳಿಯುವುದು.

5. ಖರೀದಿ ಕರಾರಿನಲ್ಲಿ ಹೆಚ್ಚುವರಿ ಭಾಗದ ವಿವರ, ದಂಡ ಅಥವಾ ತೆರವು ಉಂಟಾದಲ್ಲಿ ಮಾರಾಟಗಾರರ ಹೊಣೆ ಹಾಗೂ ಮುಂಗಡ ವಾಪಸಾತಿಯ ಷರತ್ತುಗಳನ್ನು ನಮೂದಿಸುವುದು.

ಕೊರತೆ ಕಂಡುಬಂದಲ್ಲಿ ಅನಧಿಕೃತ ಭಾಗಕ್ಕೆ ಬೆಲೆ ಕಟ್ಟದೆ ಮಂಜೂರಾದ ವಿಸ್ತೀರ್ಣಕ್ಕೆ ಮಾತ್ರ ದರ ನಿಗದಿಪಡಿಸಬಹುದು, ಅಥವಾ ನೋಂದಣಿಗೆ ಮುನ್ನವೇ ಸದರಿ ಭಾಗವನ್ನು ತೆರವುಗೊಳಿಸಲು ಕೋರಬಹುದು. ಇವೆರಡಕ್ಕೂ ಮಾರಾಟಗಾರರು ಒಪ್ಪದಿದ್ದಲ್ಲಿ ಖರೀದಿಯನ್ನು ಕೈಬಿಡುವುದೇ ಕ್ಷೇಮಕರ.