ಹಾರದೇ ಇರುವ ದಿನಗಳ ಬ್ಯಾಟರಿ

ಮೇ ತಿಂಗಳ ಒಂದು ಶನಿವಾರ. ಹಿರಿಯೂರಿನ ಮನೆಯಲ್ಲಿ ಅಮ್ಮ ಸಜ್ಜ ಕ್ಲೀನ್ ಮಾಡೋಕೆ ಅಂತ ಸ್ಟೂಲ್ ಹತ್ತಿದ್ದಳು. ನಾನು ಒಂದು ಕೈಯಲ್ಲಿ ಸ್ಟೂಲ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕೆಳಗೆ ನಿಂತಿದ್ದೆ. "ಲೋ, ಇದೇನೋ ನಿಂದು, ಪೂರಿ ಥರ ಊದ್ಕೊಂಡೈತೆ!" ಅಂತ ಮೇಲಿಂದ ಕೂಗು ಬಂತು. ತಲೆ ಎತ್ತಿ ನೋಡಿದರೆ ಅವಳ ಕೈಯಲ್ಲಿ ನನ್ನ ಡ್ರೋನ್ ಬ್ಯಾಟರಿ. ಎಷ್ಟು ಮೆತ್ತಗಿದೆ ಅಂತ ಹೆಬ್ಬೆರಳಲ್ಲಿ ಒತ್ತಿ ನೋಡ್ತಾ ಇದ್ದಳು.

"ಅಮ್ಮಾ, ಒತ್ತಬೇಡ! ಮೆಲ್ಲಗೆ ನನ್ನ ಕೈಗೆ ಕೊಡು" ಅಂದೆ. ಬಹುಶಃ ಕಿರುಚಿದೆ.

ಆ ಸಜ್ಜದ ಮೇಲೆ ಬ್ಯಾಟರಿ ಬ್ಯಾಗಿನ ಪಕ್ಕದಲ್ಲೇ ಇದ್ದದ್ದು ಕೌದಿಗಳ ಗಂಟು, ಹಳೇ ಹಾಸಿಗೆ, ದಸರಾ ಗೊಂಬೆಗಳ ರಟ್ಟಿನ ಡಬ್ಬ. ಅದರ ಸರಿಯಾಗಿ ಕೆಳಗೆ ಅಜ್ಜಿಯ ಮಂಚ. ಅಜ್ಜಿಗೆ ಮಂಚದಿಂದ ಎದ್ದು ಬಾಗಿಲವರೆಗೆ ಬರೋಕೆ ಗೋಡೆ ಹಿಡಿದು ಐದು ನಿಮಿಷ ಬೇಕು. ನಾಲ್ಕು ತಿಂಗಳು ಅವಳ ತಲೆಯ ಮೇಲೆ ನಾನು ಏನನ್ನು ಇಟ್ಟು ಹೋಗಿದ್ದೆ ಅನ್ನೋದು ಆವತ್ತು ಅರ್ಥವಾಯಿತು.

ಆಗಿದ್ದು ಇಷ್ಟು. ಸಂಕ್ರಾಂತಿಗೆ ಊರಿಗೆ ಹೋಗುವಾಗ, ಮಾವನ ತೆಂಗಿನ ತೋಟದಲ್ಲಿ ಹಾರಿಸೋಣ ಅಂತ ನನ್ನ ಚಿಕ್ಕ ಡ್ರೋನ್ ತಗೊಂಡು ಹೋಗಿದ್ದೆ. ನಾನೇ ಬೆಸುಗೆ ಹಾಕಿ ಜೋಡಿಸಿದ್ದು, ಬ್ಯಾಟರಿ ಸೇರಿ 250 ಗ್ರಾಂ ಒಳಗೆ. ಹಿಂದಿನ ರಾತ್ರಿಯೇ ನಾಲ್ಕೂ ಬ್ಯಾಟರಿಗಳನ್ನು ಫುಲ್ ಚಾರ್ಜ್ ಮಾಡಿಟ್ಟೆ. ಬೆಳಗ್ಗೆ ಎದ್ದರೆ ಮನೆ ತುಂಬಾ ನೆಂಟರು, ಮಧ್ಯಾಹ್ನ ಆಫೀಸಿನಿಂದ ಪ್ರೊಡಕ್ಷನ್ ಇಶ್ಯೂ ಅಂತ ಕಾಲ್. ಸಂಜೆ ಬಸ್ಸಿಗೆ ಓಡುವಾಗ ಬ್ಯಾಗನ್ನು ಸಜ್ಜದ ಮೇಲೆ ತಳ್ಳಿ, "ಮುಂದಿನ ಸಲ ಬಂದಾಗ ಹಾರಿಸ್ತೀನಿ" ಅಂದೆ. ಆ ಮುಂದಿನ ಸಲ ಬರೋ ಹೊತ್ತಿಗೆ ಬೇಸಿಗೆ ಮುಗಿಯುತ್ತಾ ಬಂದಿತ್ತು. ತಾರಸಿಗೆ ಅಂಟಿಕೊಂಡ ಸಜ್ಜ, ಚಿತ್ರದುರ್ಗ ಜಿಲ್ಲೆಯ ಏಪ್ರಿಲ್ ಬಿಸಿಲು. ಬ್ಯಾಟರಿ ಪಾಲಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲ್ಲ.

ಬ್ಯಾಟರಿ ಹಾಳಾಗೋದು ಹಾರಿಸುವಾಗ ಅಂತಲೇ ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ: ಒಂದು ಹಾರಾಟಕ್ಕೆ ಐದು ನಿಮಿಷ, ತಿಂಗಳಿಗೆ ಎರಡು ಭಾನುವಾರ. ಉಳಿದ ಅಷ್ಟೂ ಹೊತ್ತು ಅದು ಎಲ್ಲೋ ಒಂದು ಕಡೆ ಸುಮ್ಮನೆ ಕೂತಿರುತ್ತೆ. ಅದರ ಆಯಸ್ಸು ಬಹುಪಾಲು ತೀರ್ಮಾನ ಆಗೋದು ಆ ಕೂತ ಜಾಗದಲ್ಲಿ, ಆ ಕೂತ ವೋಲ್ಟೇಜಿನಲ್ಲಿ.

ಲಿಥಿಯಂ ಪಾಲಿಮರ್ ಸೆಲ್ ಒಂದರ ಫುಲ್ ಚಾರ್ಜ್ ಅಂದರೆ 4.2 ವೋಲ್ಟ್. ನನ್ನ ಪ್ಯಾಕಿನಲ್ಲಿ ಅಂಥ ನಾಲ್ಕು ಸೆಲ್ ಸಾಲಾಗಿವೆ, ಒಟ್ಟು 16.8. ಫುಲ್ ಆಗಿರೋ ಸೆಲ್ ಎಳೆದು ಕಟ್ಟಿಟ್ಟ ರಬ್ಬರ್ ಬ್ಯಾಂಡ್ ಇದ್ದಂತೆ. ಯಾರೂ ಮುಟ್ಟದಿದ್ದರೂ ಒಳಗೆ ಎಳೆತ ಇದ್ದೇ ಇರುತ್ತೆ. ಧನ ಧ್ರುವದ ಕಡೆ ಎಲೆಕ್ಟ್ರೋಲೈಟ್ ದ್ರವ ನಿಧಾನಕ್ಕೆ ಒಡೆಯುತ್ತಾ ಹೋಗುತ್ತೆ. ಋಣ ಧ್ರುವದ ಗ್ರಾಫೈಟ್ ಮೇಲಿನ ತೆಳು ಪದರ ದಪ್ಪ ಆಗ್ತಾ ಲಿಥಿಯಂ ಅನ್ನು ನುಂಗುತ್ತೆ. ಎರಡೂ ರಾಸಾಯನಿಕ ಕ್ರಿಯೆಗಳೇ, ಬಿಸಿ ಹೆಚ್ಚಿದಷ್ಟೂ ಚುರುಕು. ಎಲೆಕ್ಟ್ರೋಲೈಟ್ ಒಡೆದಾಗ ಗ್ಯಾಸ್ ಹುಟ್ಟುತ್ತೆ. ಈ ಬ್ಯಾಟರಿಗೆ ಲೋಹದ ಡಬ್ಬಿ ಇಲ್ಲ, ಹೊರಗಿರೋದು ಹಾಲಿನ ಪ್ಯಾಕೆಟ್ಟಿನಂಥ ತೆಳು ಹೊದಿಕೆ. ಹಾಗಾಗಿ ಅದು ಊದಿಕೊಳ್ಳುತ್ತೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ, ಅಮ್ಮನ ಕಣ್ಣಿಗೆ ಬಿತ್ತಲ್ಲ.

ಬ್ಯಾಟರಿ ಯೂನಿವರ್ಸಿಟಿ ಅನ್ನೋ ಹೆಸರಾಂತ ತಾಣದಲ್ಲಿ ಲಿಥಿಯಂ ಬ್ಯಾಟರಿಗಳ ಒಂದು ಅಂದಾಜು ಪಟ್ಟಿ ಇದೆ. 40% ಚಾರ್ಜಿನಲ್ಲಿ 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಸುಮಾರು 96% ಸಾಮರ್ಥ್ಯ ಉಳಿಯುತ್ತೆ. ಅದೇ ಉಷ್ಣಾಂಶದಲ್ಲಿ ಫುಲ್ ಚಾರ್ಜ್ ಇಟ್ಟರೆ 80%. ಫುಲ್ ಚಾರ್ಜ್ ಜೊತೆಗೆ 40 ಡಿಗ್ರಿ ಸೇರಿದರೆ 65%. ಒಂದು ಸಲವೂ ಹಾರಿಸದೆ ಮೂರನೇ ಒಂದು ಭಾಗ ಹೋಯ್ತು! ಸಜ್ಜದಲ್ಲಿ ನಾನು ಮಾಡಿದ್ದು ಇದೇ ಕೊನೆಯ ಪ್ರಯೋಗ.

ಹಾಗಂತ ಖಾಲಿ ಮಾಡಿ ಇಡೋದೂ ತಪ್ಪು. ಸೆಲ್ 3 ವೋಲ್ಟಿಗಿಂತ ತುಂಬಾ ಕೆಳಗೆ ಇಳಿದರೆ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಮಧ್ಯದ ದಾರಿಯೇ ಸರಿ: ಸೆಲ್ ಒಂದಕ್ಕೆ 3.8ರಿಂದ 3.85 ವೋಲ್ಟ್, ಅಂದರೆ ಹೆಚ್ಚುಕಮ್ಮಿ ಅರ್ಧ. ನಾಲ್ಕು ಸೆಲ್ಲಿನ ಪ್ಯಾಕಿಗೆ 15.2ರಿಂದ 15.4. ಹವ್ಯಾಸಿಗಳ ಚಾರ್ಜರ್‌ಗಳಲ್ಲಿ 'ಸ್ಟೋರೇಜ್' ಅನ್ನೋ ಮೋಡ್ ಇರುತ್ತೆ. ಅದಕ್ಕೆ ಹಾಕಿದರೆ ಹೆಚ್ಚಿದ್ದರೆ ಇಳಿಸಿ, ಕಮ್ಮಿ ಇದ್ದರೆ ಏರಿಸಿ, ಅಲ್ಲಿಗೆ ತಂದು ನಿಲ್ಲಿಸುತ್ತೆ. ಇಳಿಸೋದು ಮಾತ್ರ ಎತ್ತಿನ ಗಾಡಿ. ಸಣ್ಣ ಚಾರ್ಜರ್ ಆದರೆ ಒಂದು ಪ್ಯಾಕಿಗೆ ಗಂಟೆಗಟ್ಟಲೆ ತಗೊಳ್ಳುತ್ತೆ. ನಾನೀಗ ಹೊರಡೋ ಬೆಳಗ್ಗೆಯೇ ಚಾರ್ಜ್ ಹಾಕ್ತೀನಿ, ಹಿಂದಿನ ರಾತ್ರಿ ಅಲ್ಲ. ಪ್ಲ್ಯಾನ್ ಕ್ಯಾನ್ಸಲ್ ಆದರೆ ಮನೆ ಮುಂದಿನ ಖಾಲಿ ಸೈಟಿನಲ್ಲಿ ಎರಡು ನಿಮಿಷ ಆಡಿಸಿ ಅರ್ಧಕ್ಕೆ ಇಳಿಸ್ತೀನಿ. ಒಂದೆರಡು ದಿನ ಫುಲ್ ಇದ್ದರೆ ಆಕಾಶ ಬೀಳಲ್ಲ. ಆದರೆ "ನಾಳೆ ಹಾರಿಸ್ತೀನಲ್ಲ" ಅನ್ನೋ ನಾಳೆ ನಮ್ಮಂಥವರ ಬದುಕಲ್ಲಿ ಎಷ್ಟು ಸಲ ಬರುತ್ತೆ ಅಂತ ನಿಮಗೂ ಗೊತ್ತು.

ಅಂಗಡಿಯಲ್ಲಿ ರೆಡಿಯಾಗಿ ಸಿಗೋ ಡಿಜೆಐ ಥರದ ಕ್ಯಾಮೆರಾ ಡ್ರೋನ್ ಇರೋರಿಗೆ ಈ ತಲೆನೋವು ಕಮ್ಮಿ. ಆ ಬ್ಯಾಟರಿಗಳೊಳಗೇ ಒಂದು ಪುಟ್ಟ ಸರ್ಕ್ಯೂಟ್ ಇದ್ದು, ಕೆಲವು ದಿನ ಮುಟ್ಟದಿದ್ದರೆ ತಾವೇ ಚಾರ್ಜ್ ಇಳಿಸಿಕೊಳ್ಳುತ್ತವೆ. ಆಗ ಸ್ವಲ್ಪ ಬೆಚ್ಚಗಾಗೋದು ಸಹಜ, ಗಾಬರಿ ಬೇಡ. ಆದರೆ ಅದೇ ಸರ್ಕ್ಯೂಟಿಗೂ ಊಟ ಬೇಕಲ್ಲ? ಅದು ಚೂರುಚೂರೇ ತಿಂತಾ ಇರುತ್ತೆ. ಹಾಗಾಗಿ ಮರೆತು ಆರು ತಿಂಗಳು ಬಿಟ್ಟರೆ ಪೂರ್ತಿ ಬರಿದಾಗಿ, ಆಮೇಲೆ ಚಾರ್ಜರಿಗೆ ಹಾಕಿದರೂ ಏಳದೇ ಇರಬಹುದು. ಮೂರು ತಿಂಗಳಿಗೊಮ್ಮೆಯಾದರೂ ಒಂದು ಸಲ ಪೂರ್ತಿ ಚಾರ್ಜ್ ಮಾಡಿ, ಹಾರಿಸಿ, ಮತ್ತೆ ಅರ್ಧಕ್ಕೆ ತಂದು ಇಡಿ. ಬಟನ್ ಒತ್ತಿದರೆ ನಾಲ್ಕರಲ್ಲಿ ಎರಡು ದೀಪ ಉರಿದರೆ ಸಾಕು.

ಎಲ್ಲಿ ಇಡೋದು? ನನ್ನ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಈ ಪ್ರಶ್ನೆಗೆ ಒಂದು ವಾರ ತಲೆ ಕೆಡಿಸಿಕೊಂಡೆ. ಮರದ ಬೀರು ಬೇಡ, ಬಟ್ಟೆ ಹತ್ತಿರ ಬೇಡ, ಅಡುಗೆಮನೆ ಬೇಡ, ದೇವರ ದೀಪದ ಪಕ್ಕ ಅಂತೂ ಬೇಡವೇ ಬೇಡ. ಮುಂಬಾಗಿಲ ಹತ್ತಿರವೂ ಬೇಡ. ಏನಾದರೂ ಆದರೆ ನಾವು ಓಡಬೇಕಾದ ದಾರಿಯೇ ಅದು. (ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಬಾಗಿಲ ಪಕ್ಕದ ಪ್ಲಗ್ಗಿಗೇ ಹಾಕಿ ಮಲಗೋ ಗೆಳೆಯರಿಗೂ ಇದನ್ನೇ ಹೇಳ್ತೀನಿ, ಕೇಳಲ್ಲ.) ಕಾರಿನ ಡಿಕ್ಕಿ ಬಿಸಿಲಲ್ಲಿ ಸಜ್ಜಕ್ಕಿಂತ ಕೆಟ್ಟದು. ಕೊನೆಗೆ ಬಿಸಿಲು ಬೀಳದ ಯುಟಿಲಿಟಿಯ ಗ್ರಾನೈಟ್ ಕಲ್ಲಿನ ಮೇಲೆ, ಸುತ್ತ ಒಂದಡಿ ಏನೂ ಇಲ್ಲದ ಹಾಗೆ, ಒಂದು ಮಣ್ಣಿನ ಹೂಕುಂಡ ಇಟ್ಟೆ. ತಳಕ್ಕೆ ನಾಲ್ಕು ಬೆರಳು ಒಣ ಮರಳು. ಅದರೊಳಗೆ ಬೆಂಕಿ ತಡೆಯೋ ಲಿಪೋ ಬ್ಯಾಗು, ಬ್ಯಾಗಿನೊಳಗೆ ಪ್ಯಾಕುಗಳು, ಮೇಲೆ ಹಂಚಿನ ತುಂಡು ಸಡಿಲವಾಗಿ. ಬ್ಯಾಗು ಜ್ವಾಲೆಯನ್ನು ಒಂದಿಷ್ಟು ಹಿಡಿದಿಡುತ್ತೆ, ಹೊಗೆಯನ್ನಲ್ಲ. ಕಬ್ಬಿಣದ ಡಬ್ಬ ಬಳಸೋರು ಅದನ್ನು ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಬಾರದು. ಒಳಗೆ ಗ್ಯಾಸ್ ತುಂಬಿದರೆ ಅದೇ ಒಂದು ಬಾಂಬ್. ಪ್ರತಿ ಪ್ಯಾಕಿನ ಕನೆಕ್ಟರಿಗೆ ಕ್ಯಾಪ್ ಇರಲಿ, ಒಂದಕ್ಕೊಂದು ತಾಗಬಾರದು, ಸ್ಕ್ರೂ, ಚಿಲ್ಲರೆ ಅದೇ ಜಾಗದಲ್ಲಿ ಇರಬಾರದು. ಫ್ರಿಜ್ ತಂಪಲ್ವಾ ಅಂತ ಕೇಳೋರಿದ್ದಾರೆ. ತಂಪು ನಿಜ, ಆದರೆ ಹೊರಗೆ ತೆಗೆದಾಗ ಮೈಮೇಲೆ ನೀರು ಬೆವರುತ್ತೆ. ಮೊಸರಿನ ಪಕ್ಕ ಬ್ಯಾಟರಿ ಇಡೋ ಮನೆ ನನಗೆ ಬೇಡ.

ತಿಂಗಳ ಮೊದಲ ಭಾನುವಾರ ಫೋನಿನಲ್ಲಿ ಒಂದು ರಿಮೈಂಡರ್ ಬಡಿಯುತ್ತೆ. ಎರಡು ಕಾಫಿ ಕಪ್ಪಿನ ಬೆಲೆಗೆ ಸಿಗೋ ವೋಲ್ಟೇಜ್ ಚೆಕರ್ ಚುಚ್ಚಿ ಪ್ರತಿ ಸೆಲ್ಲಿನ ಅಂಕಿ ನೋಡ್ತೀನಿ. ಒಟ್ಟು ಮೊತ್ತ ಅಲ್ಲ, ಒಂದೊಂದು ಸೆಲ್. ಸಜ್ಜದಿಂದ ಇಳಿಸಿದ ಪ್ಯಾಕಿನಲ್ಲಿ 4.16, 4.15, 4.16, ಕೊನೆಯದು 3.92 ಇತ್ತು. ಒಟ್ಟು 16.39, ನೋಡಿದರೆ ಆರೋಗ್ಯವಾಗೇ ಕಾಣುತ್ತೆ. ಆ ಒಂದೇ ಸೆಲ್ ಕುಸಿದಿರೋದು ಒಳಗೆ ಏನೋ ಸೋರ್ತಾ ಇದೆ ಅನ್ನೋದರ ಗುರುತು. ಚೆಕರನ್ನು ನೋಡಿದ ತಕ್ಷಣ ಕಿತ್ತಿಡಿ. ಒಮ್ಮೆ ಚುಚ್ಚಿಟ್ಟು ಮರೆತು ಮಲಗಿದ್ದಕ್ಕೆ ಅದರ ಡಿಸ್‌ಪ್ಲೇ ಉರಿದೂ ಉರಿದೂ ಒಂದು ಒಳ್ಳೇ ಪ್ಯಾಕ್ ಸತ್ತಿದೆ. ಅಂಕಿ ನೋಡಿದ ಮೇಲೆ ಸಮತಟ್ಟಾದ ಟೇಬಲ್ ಮೇಲಿಟ್ಟು ಅಲುಗುತ್ತಾ ನೋಡೋದು, ವೈರಿನ ಬುಡ ನೋಡೋದು, ಮೂಸಿ ನೋಡೋದು. ನೇಲ್ ಪಾಲಿಶ್ ಥರ ಸಿಹಿ ವಾಸನೆ ಬಂದರೆ ಸೋರಿದೆ ಅಂತಲೇ ಲೆಕ್ಕ.

ಇನ್ನೆರಡು ಅಭ್ಯಾಸ. ಹಾರಿಸಿ ಇಳಿಸಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜರಿಗೆ ಹಾಕಲ್ಲ, ತಣ್ಣಗಾಗೋವರೆಗೆ ಕಾಯ್ತೀನಿ. ಚಾರ್ಜ್ ಆಗುವಾಗ ಮಲಗಲ್ಲ, ಹೊರಗೆ ಹೋಗಲ್ಲ. ಡ್ರೋನ್ ಜೋರಾಗಿ ಬಿದ್ದರೆ ಬ್ಯಾಟರಿಯನ್ನು ಬ್ಯಾಗಿಗೆ ತುರುಕದೆ ಅರ್ಧ ಗಂಟೆ ಬಯಲಲ್ಲಿ ಕಲ್ಲಿನ ಮೇಲೆ ಬಿಟ್ಟು ದೂರದಿಂದ ನೋಡಬೇಕು. ಒಳಗಿನ ಪೆಟ್ಟು ತಡವಾಗಿಯೂ ಬೆಂಕಿಯಾಗಬಹುದು. ಮೂರಾಯ್ತು, ಇರಲಿ.

ವಿಮಾನದಲ್ಲಿ ಹೋಗೋರು ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕೋ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಸುತ್ತಿರಬೇಕು. 100 ವ್ಯಾಟ್-ಅವರ್ ದಾಟದಿದ್ದರೆ ವಿಮಾನ ಸಂಸ್ಥೆಯ ವಿಶೇಷ ಅನುಮತಿ ಬೇಡ. ಲೆಕ್ಕ ಸುಲಭ, ವೋಲ್ಟನ್ನು ಆಂಪಿಯರ್-ಅವರಿಂದ ಗುಣಿಸಿ. ನನ್ನದು 14.8 ವೋಲ್ಟ್, 0.85 ಆಂಪಿಯರ್-ಅವರ್, ಹದಿಮೂರರ ಒಳಗೇ ಬರುತ್ತೆ.

ಈಗ ಆ ಊದಿದ ಬ್ಯಾಟರಿಗಳ ಕಥೆ. ನಾಲ್ಕರಲ್ಲಿ ಎರಡು ಊದಿದ್ದವು. ಅವನ್ನು ಚಾರ್ಜರಿನ ಹತ್ತಿರಕ್ಕೂ ತರಲಿಲ್ಲ. ಸೂಜಿ ಚುಚ್ಚಿ ಗ್ಯಾಸ್ ಬಿಡೋ ವಿಡಿಯೋಗಳನ್ನು ನೋಡಿದ್ದೀರಾದರೆ ದಯವಿಟ್ಟು ಮರೆತುಬಿಡಿ. ಅದು ಪೂರಿ ಅಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಆಚೆ, ಮರಳು ತುಂಬಿದ ಸಿಮೆಂಟ್ ಕುಂಡದಲ್ಲಿಟ್ಟೆ. ಅಪ್ಪ ಒಂದು ಬಕೆಟ್ ಮರಳು ಎಕ್ಸ್‌ಟ್ರಾ ತಂದಿಟ್ಟು, ಏನೂ ಮಾತಾಡದೆ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಹೊತ್ತಿಕೊಂಡರೆ ಏನು ಮಾಡಬೇಕು ಅಂತ ಎಲ್ಲರಿಗೂ ಹೇಳಿದೆ: ಹೊಗೆ ವಿಷ, ಹತ್ತಿರ ಹೋಗಬೇಡಿ. ಮನೆ ಒಳಗಾದರೆ ಮೊದಲು ಅಜ್ಜಿಯನ್ನು ಹೊರಗೆ ತನ್ನಿ, ರೂಮಿನ ಬಾಗಿಲು ಎಳೆದುಕೊಳ್ಳಿ, 101 ಇಲ್ಲವೇ 112ಕ್ಕೆ ಫೋನ್ ಮಾಡಿ. ಅಮ್ಮ ಕ್ಯಾಲೆಂಡರಿನ ಮೇಲೆ ನಂಬರ್ ಬರೆದುಕೊಂಡಳು.

ಬೆಂಗಳೂರಿಗೆ ಹೇಗೆ ತರೋದು? ಐವತ್ತು ಜನರಿರೋ ಬಸ್ಸಿನಲ್ಲಿ ಊದಿದ ಬ್ಯಾಟರಿ ಹೊತ್ತು ಬರೋಕೆ ಮನಸ್ಸಾಗಲಿಲ್ಲ. ಹಿತ್ತಲಲ್ಲೇ ಎರಡು ಇಂಡಿಕೇಟರ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಉದ್ದ ವೈರ್ ಎಳೆದು, ದೂರ ಕೂತು ಖಾಲಿಯಾಗೋವರೆಗೆ ಉರಿಸಿದೆ. ಚಾರ್ಜ್ ಪೂರ್ತಿ ಹೋದ ಬ್ಯಾಟರಿಗೆ ಹೊತ್ತಿಕೊಳ್ಳೋ ಶಕ್ತಿ ಬಹಳ ಕಮ್ಮಿ. ವೈರಿಂಗ್ ಗೊತ್ತಿಲ್ಲದವರು ಇದನ್ನು ಮಾಡೋಕೆ ಹೋಗಬೇಡಿ, ಮರಳಲ್ಲೇ ಬಿಟ್ಟು ತಿಳಿದವರನ್ನು ಕರೆಸಿ. ಬಲ್ಬು ಮುಕ್ಕಾಲು ಗಂಟೆಯ ಹತ್ತಿರ ಉರಿದು ಕೆಂಪಾಗಿ, ಆಮೇಲೆ ಆರಿತು. ಇನ್ನೊಂದರದೂ ಹಾಗೇ.

ಕಸದ ಗಾಡಿಗೆ ಕೊಡೋದು ತಪ್ಪು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸದೆ ಪ್ರತ್ಯೇಕವಾಗಿ ಕೊಡೋದು ಬಳಸಿದವರ ಕೆಲಸ. ಕಸದ ಲಾರಿಯೊಳಗೆ ಒತ್ತುಯಂತ್ರಕ್ಕೆ ಇದು ಸಿಕ್ಕರೆ ಏನಾಗುತ್ತೆ ಅಂತ ಒಂದು ಕ್ಷಣ ಊಹಿಸಿ. ಮಾವನ ಕಾರಿನಲ್ಲಿ, ಮರಳಿನ ಡಬ್ಬದಲ್ಲಿ ತಂದು ಇ-ತ್ಯಾಜ್ಯ ತಗೊಳ್ಳೋ ಕಡೆ ಹೋದೆ. ಮೊದಲನೆಯವರು ಫೋನ್ ಬ್ಯಾಟರಿ ಆದರೆ ಮಾತ್ರ ಅಂದರು. ಎರಡನೆಯ ಕಡೆ ಇದ್ದ ಹುಡುಗ ಟೇಪ್ ಸುತ್ತಿದ್ದ ತುದಿ ನೋಡಿ, ಪ್ಯಾಕನ್ನು ತಿರುಗಿಸಿ, "ಚಾರ್ಜ್ ತೆಗೆದಿದ್ದೀರಾ ಸಾರ್?" ಅಂತ ಕೇಳಿದ. ಹೌದು ಅಂದೆ. ಮರಳು ಬೇಡ ಅಂತ ಡಬ್ಬ ವಾಪಸ್ ಕೊಟ್ಟ.

ಊದದೇ ಉಳಿದ ಎರಡು ನನ್ನ ಹತ್ತಿರವೇ ಇವೆ. ಮೊದಲು ಐದು ನಿಮಿಷ ಹಾರುತ್ತಿದ್ದವು, ಈಗ ಮೂರಕ್ಕೇ ವೋಲ್ಟೇಜ್ ಕುಸಿದು ಕನ್ನಡಕದಲ್ಲಿ ಕೆಂಪು ಅಕ್ಷರ ಮಿನುಗುತ್ತೆ. ಅಮ್ಮ ಸಜ್ಜದ ಮೇಲೆ ಆ ಜಾಗದಲ್ಲಿ ಹಪ್ಪಳದ ಡಬ್ಬ ಇಟ್ಟಿದ್ದಾಳೆ.