ಅನ್ವಯಿಕ ಗಣಿತದ ವ್ಯಾಸಂಗ

ಮಗಳು ಪದವಿಗೆ ಅನ್ವಯಿಕ ಗಣಿತವನ್ನು ಆರಿಸಿಕೊಳ್ಳಬಯಸುವಳೆಂದೂ, ಅದರಿಂದ ಫಲವೇನೆಂದೂ ಗೃಹಸ್ಥರೊಬ್ಬರು ನಮ್ಮನ್ನು ಕೇಳಿರುವರು. ಈ ವಿದ್ಯೆಯು ನಮ್ಮ ನಾಡಿಗೆ ಹೊಸತಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ರಚಿಸಿದನು. ಇಂದಿನ ವಿದ್ಯಾರ್ಥಿನಿಯು ಕಲನಶಾಸ್ತ್ರ, ಸಂಭವನೀಯತೆ, ಸಂಖ್ಯಾಶಾಸ್ತ್ರ, ಕಂಪ್ಯೂಟರಿನ ಬಳಕೆ ಇವುಗಳನ್ನು ಕಲಿತು, ನದಿಯ ಪ್ರವಾಹವನ್ನೂ ರೋಗದ ಹರಡುವಿಕೆಯನ್ನೂ ಸಮೀಕರಣಕ್ಕೆ ತರುವಳು.

ಫಲವು ತಡವಾಗಿ ಬರುವುದೂ ಉಂಟು. ವಸ್ತುವನ್ನು ಹಾಯ್ದ ರೇಖೆಗಳ ಮೇಲಣ ಮೊತ್ತಗಳಿಂದ ಅದರ ಒಳರೂಪವನ್ನು ಅರಿಯುವ ಬಗೆಯನ್ನು ಗಣಿತಜ್ಞನಾದ ರಾಡಾನನು 1917ರಲ್ಲಿ ಸಾಧಿಸಿದನು. ಅದೇ ತತ್ತ್ವದ ಸಿ.ಟಿ. ಸ್ಕ್ಯಾನು ರೋಗಿಗೆ ಮೊದಲು ದೊರೆತುದು 1971ರಲ್ಲಿ.

ಸೂತ್ರಗಳ ಬಾಯಿಪಾಠವು ಇಲ್ಲಿ ಸಾಲದು. ಉತ್ತರವು ದೊರೆತ ಮೇಲೂ ‘ಏಕೆ?’ ಎಂದು ಕೇಳುವ ಸ್ವಭಾವವು ಮಗಳಲ್ಲಿ ಇದ್ದರೆ, ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದಂಶವನ್ನು ಮೊದಲು ಓದಿಗೆ ತೆಗೆದಿಡಿರೆಂಬುದೇ ನಮ್ಮ ಬಿನ್ನಹ.