60 ಲೀಟರ್ ಸಂಸಾರ

ಕಳೆದ ವಾರ ಹಳೇ ಟೆಂಪೊ ಟ್ರಾವೆಲರ್‌ನ ಸೀಟು ಕಿತ್ತು ಹಾಸಿಗೆ ಮಾಡಿದ ಕಥೆ ಹೇಳಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: ‘ಇದೆಲ್ಲ ಲೀಗಲ್ಲಾ?’ ಮೊದಲು ಅದನ್ನ ಮುಗಿಸಿಬಿಡೋಣ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನ ನಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ. ಆರ್‌ಸಿಯಲ್ಲಿ ಸೀಟಿನ ಸಂಖ್ಯೆಯೂ ಇರುತ್ತೆ ಅನ್ನೋದು ನೆನಪಿರಲಿ. ನಾನು ಉಲ್ಟಾ ಮಾಡಿದೆ: ಮೊದಲು ಸೀಟು ಕಿತ್ತೆ, ಆಮೇಲೆ ನಿಯಮ ಓದಿದೆ. ಪೇಪರ್ ಸರಿಯಾಗೋವರೆಗೆ ಎರಡು ತಿಂಗಳು ಗಾಡಿ ಮನೆ ಮುಂದೆ ನಿಂತಿತ್ತು, ಕೋಳಿಗಳಿಗೆ ನೆರಳಾಗಿ. ನೀವು ಸ್ಪ್ಯಾನರ್ ಹಿಡಿಯೋ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಇನ್ಶೂರೆನ್ಸ್‌ನವರಿಗೂ ಹೇಳಿ. ಅಪಘಾತ ಆದಮೇಲೆ ಹೇಳಿದ್ರೆ ಯಾರೂ ಕೇಳಲ್ಲ.

ಈಗ ಕರೆಂಟಿನ ಲೆಕ್ಕ. ನನ್ನದು 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ. ಗುಣಿಸಿದರೆ 1280 ವ್ಯಾಟ್-ಅವರ್. ಲ್ಯಾಪ್‌ಟಾಪ್ 60 ವ್ಯಾಟ್, ಎಂಟು ಗಂಟೆ ಅಂದ್ರೆ 480. ಫ್ಯಾನಿಗೆ 200, ರೂಟರಿಗೆ 100, ದೀಪ-ಫೋನಿಗೆ 70. ದಿನಕ್ಕೆ ಒಟ್ಟು 850. ಅಂದರೆ ಬಿಸಿಲೇ ಬರದಿದ್ದರೆ ಬ್ಯಾಟರಿ ಒಂದೂವರೆ ದಿನ ಬರುತ್ತೆ. ತಲೆ ಮೇಲೆ 200 ವ್ಯಾಟಿನ ಸೋಲಾರ್ ಪ್ಯಾನಲ್ ಇದೆ, ಒಳ್ಳೇ ಬಿಸಿಲಿನ ದಿನ 800ರ ಆಸುಪಾಸು ಕೊಡುತ್ತೆ. ಬ್ಯಾಟರಿಯ ಪ್ಲಸ್ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕೋದು ಮರೀಬೇಡಿ. ಗ್ಯಾಸ್ ಸ್ಟೌ ಇಟ್ಟರೆ ನೆಲದ ಮಟ್ಟದಲ್ಲಿ ಗಾಳಿಗಂಡಿ ಬೇಕೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತೆ.

ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ನಮ್ಮ ಮನೆ ಚನ್ನಗಿರಿ ಕಡೆ, ಅಡಿಕೆ ತೋಟದ ನಡುವೆ. ಸೋಲಾರ್ ಕೋಶಗಳನ್ನ ಸರಣಿಯಲ್ಲಿ ಜೋಡಿಸಿರ್ತಾರೆ. ಮೂಲೆಯಲ್ಲಿ ಒಂದು ಸೋಗೆಯ ನೆರಳು ಬಿದ್ದರೂ ಇಡೀ ಪ್ಯಾನಲ್ಲು ಮಂಕಾಗುತ್ತೆ. ಸೂಳೆಕೆರೆ ಹತ್ತಿರ ಹೋದರೆ ಬಯಲು ಸಿಗುತ್ತೆ, ಹೊನ್ನಾಳಿಯಲ್ಲಿ ತುಂಗಭದ್ರೆ ದಡ ಇದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೂ ಹೋಗಿದ್ದೆ, ಸಂತ ಸೇವಾಲಾಲರ ಜನ್ಮಸ್ಥಳ. ಬಂಜಾರರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸಂಸಾರ ಸಮೇತ ದೇಶವೆಲ್ಲ ಸುತ್ತುತ್ತಿದ್ದವರು. ಅಲ್ಲಿ ನನ್ನ ವ್ಯಾನ್ ನಿಲ್ಲಿಸಿ ‘ಚಲಿಸೋ ಮನೆ ಮಾಡಿದೀನಿ’ ಅಂತ ಜಂಬ ಕೊಚ್ಚಲು ನಾಚಿಕೆ ಆಯ್ತು.

ಬಿಸಿಲಿಗೆ ಬರ ಇಲ್ಲದಿದ್ದದ್ದು ಜಗಳೂರಲ್ಲಿ. ಅದು ಅಮ್ಮನ ತವರಿನ ತಾಲ್ಲೂಕು.

ಅಮ್ಮನಿಗೆ ಈ ವ್ಯಾನ್ ಕಂಡರೆ ಆಗ್ತಿರಲಿಲ್ಲ. ‘ಸ್ವಂತ ಮನೆ ಇಟ್ಕೊಂಡು ಗಾಡೀಲಿ ಮಲಗ್ತಾನೆ ಅಂದ್ರೆ ಯಾರು ಹೆಣ್ಣು ಕೊಡ್ತಾರೆ?’ ನ್ಯಾಯವಾದ ಪ್ರಶ್ನೆ, ನನ್ನ ಹತ್ರ ಉತ್ತರ ಇರಲಿಲ್ಲ. ಒಂದು ಶುಕ್ರವಾರ ‘ಜಗಳೂರಿಗೆ ಹೋಗ್ತಿದೀನಿ, ಬರ್ತೀಯಾ?’ ಅಂದೆ. ಬೈತಾಳೆ ಅಂದ್ಕೊಂಡಿದ್ದೆ. ಒಳಗೆ ಹೋಗಿ ಎರಡು ಸೀರೆ, ಒಂದು ಚೊಂಬು ತಗೊಂಡು ಬಂದಳು.

ಅವಳ ತವರು ಮನೆ ಈಗಿಲ್ಲ. ಅಜ್ಜ ಹೋದಮೇಲೆ ಪಾಲಾಯ್ತು, ಮಾರಾಟವಾಯ್ತು, ಮಾವಂದಿರು ದಾವಣಗೆರೆ ಸೇರಿದರು. ಊರಿಗೆ ಮದುವೆ-ತಿಥಿಗೆ ಹೋಗ್ತಾಳೆ, ಊಟ ಮಾಡ್ತಾಳೆ, ಕೊನೇ ಬಸ್ಸಿಗೆ ವಾಪಸ್ ಬರ್ತಾಳೆ. ಅಲ್ಲಿ ರಾತ್ರಿ ಕಳೆದು ಹದಿನಾರು ವರ್ಷ ಆಗಿತ್ತಂತೆ. ನನಗಿದು ಗೊತ್ತೇ ಇರಲಿಲ್ಲ.

ಪರಿಚಯದವರ ಕಣದಲ್ಲಿ, ಕೇಳಿಕೊಂಡು, ಗಾಡಿ ನಿಲ್ಲಿಸಿದೆವು. ವ್ಯಾನಿನ ನೀರಿನ ಟ್ಯಾಂಕ್ 60 ಲೀಟರ್. ನಾನೊಬ್ಬನೇ ಇದ್ದಾಗ ಎರಡು ದಿನಕ್ಕೆ ಖಾಲಿ. ಅಮ್ಮ ಮೊದಲ ಸಂಜೆಯೇ ನಲ್ಲಿಯ ಕೆಳಗೆ ಪಾತ್ರೆ ಇಟ್ಟಳು. ಅಕ್ಕಿ ತೊಳೆದ ನೀರಲ್ಲಿ ತಟ್ಟೆ ಗಲಬರಿಸಿದಳು, ಆ ನೀರು ಹತ್ತಿರದ ಬೇವಿನ ಸಸಿಗೆ. ಮುಖ ತೊಳೆಯೋದಕ್ಕೆ ಒಂದೇ ಚೊಂಬು. ‘ಚಿಕ್ಕವಳಿದ್ದಾಗ ಎರಡು ಬಿಂದಿಗೆಯಲ್ಲಿ ಏಳು ಜನ ದಿನ ತೆಗೀತಿದ್ವಿ ಕಣೋ’ ಅಂದಳು. ಟ್ಯಾಂಕಿಗೆ ಸೆನ್ಸರ್ ಹಾಕಿ, ಫೋನಲ್ಲಿ ಗ್ರಾಫ್ ನೋಡ್ತಿದ್ದ ಇಂಜಿನಿಯರ್ ನಾನು. ಇಬ್ಬರಿದ್ದೂ ಮೂರನೇ ದಿನ ಗ್ರಾಫ್ ಇನ್ನೂ ಅರ್ಧದ ಹತ್ತಿರ ಇತ್ತು.

ಈಗ ತುಂಗಭದ್ರೆಯ ನೀರನ್ನ ಪೈಪಿನಲ್ಲಿ ತಂದು ಜಗಳೂರಿನ 57 ಕೆರೆ ತುಂಬಿಸೋ ಯೋಜನೆ ಇದೆ. ಹೊನ್ನಾಳಿಯಲ್ಲಿ ನಾನು ನೋಡಿದ ಅದೇ ಹೊಳೆ. ಅಮ್ಮನಿಗೆ ಹೇಳಿದೆ. ‘ನಮ್ಮವ್ವ ಇರಬೇಕಿತ್ತು’ ಅಂದಳು, ಅಷ್ಟೇ.

ಎರಡನೇ ರಾತ್ರಿ ಎಚ್ಚರವಾದಾಗ ಹಾಸಿಗೆಯಲ್ಲಿ ಅಮ್ಮ ಇಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಹಳೇ ಮನೆ ಇದ್ದ ದಿಕ್ಕಿಗೆ ಮುಖ. ‘ಯಾರ ಮನೇಲಾದ್ರೂ ಉಳಿದಿದ್ರೆ ನೆಂಟಳ ಥರ ಇರಬೇಕಾಗಿತ್ತು. ಬೆಳಿಗ್ಗೆ ಬೇಗ ಎದ್ದು ಕಸ ಗುಡಿಸ್ಬೇಕು, ಸಾಕು ಅಂದ್ರೂ ಒಂದು ತುತ್ತು ಜಾಸ್ತಿ ತಿನ್ಬೇಕು. ಇದು ವಾಸಿ’ ಅಂದಳು. ನಾನು ಚಾಪೆ ತಂದು ಪಕ್ಕ ಕೂತೆ. ಮಾತೇನೂ ಇರಲಿಲ್ಲ.

ವ್ಯಾನ್ ಲೈಫ್ ಅಂದ್ರೆ ಸ್ವಾತಂತ್ರ್ಯ ಅಂತ ರೀಲ್ಸ್‌ನಲ್ಲಿ ಹೇಳ್ತಾರೆ. ನಿಜ ಹೇಳಬೇಕಂದ್ರೆ ಬಹುಪಾಲು ದಿನ ಅದು ಪೆಟ್ರೋಲ್ ಬಂಕಿನ ಶೌಚಾಲಯದ ಸರದಿ, ಕಾಲ್ ಮಧ್ಯೆ ಕಟ್ಟಾಗೋ ನೆಟ್‌ವರ್ಕ್, ಸೊಳ್ಳೆ. ಈ ಗಾಡಿಗೆ ಸುರಿದ ದುಡ್ಡು ದಂಡ ಅಂತ ಎಷ್ಟೋ ಸಲ ಅನಿಸಿತ್ತು. ಆ ರಾತ್ರಿ ಮಾತ್ರ ಅನಿಸಲಿಲ್ಲ.

ಹೆಣ್ಣು ಯಾರು ಕೊಡ್ತಾರೆ ಅನ್ನೋ ಪ್ರಶ್ನೆ ಹಾಗೇ ಇದೆ. ಆದರೆ ಮೊನ್ನೆ ಅಮ್ಮ ಫೋನಲ್ಲಿ ಚಿಕ್ಕಮ್ಮನಿಗೆ ಹೇಳ್ತಿದ್ದಳು: ‘ಯುಗಾದಿಗೆ ನೀನೂ ಬಾ, ನಮ್ದೇ ಗಾಡಿ ಇದೆ, ಊರಲ್ಲಿ ಉಳಿಯೋಣ.’ 60 ಲೀಟರಿಗೆ ಮೂರು ಜನ. ಲೆಕ್ಕ ಅಮ್ಮನೇ ಹಾಕ್ತಾಳೆ.

ಮುಂದಿನ ವಾರ: ಸೊಳ್ಳೆ ಪರದೆ, ಮತ್ತೆ ನಾನು ಹಾಳು ಮಾಡಿದ ಎರಡು ಬಾಗಿಲು.